ಮಾದೇವಿಯ ಎಡಗಡೆ

ಸತ್ತವರ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿರಲಿಲ್ಲ, ಆದರೆ ನಂಬುತ್ತಲೂ ಇರಲಿಲ್ಲ. ದುಃಖದಲ್ಲಿರುವವರ ಕಿವಿಗೆ ಏನೇನೋ ಕೇಳಿಸುತ್ತದೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಕೂನೂರಿನ ಹತ್ತಿರ ಒಂದು ನರ್ಸಿಂಗ್ ಶಾಲೆಯಲ್ಲಿ ಅನಾಟಮಿ ಕಲಿಸುವುದು ನನ್ನ ಕೆಲಸವಾಗಿತ್ತು. ಉಸಿರು ನಿಂತ ಮೇಲೆ ದೇಹಕ್ಕೆ ಏನಾಗುತ್ತದೆ ಎಂಬುದನ್ನು ನಾನೇ ಪಾಠ ಹೇಳುತ್ತಿದ್ದೆ. ಹಾಗಾಗಿ ಈಗ ಹೇಳುವುದನ್ನು ನೀವು ನಂಬಬೇಕೆಂದು ನಾನು ಒತ್ತಾಯ ಮಾಡಲಾರೆ.

ತೊಂಬತ್ತರ ದಶಕದ ಕೊನೆಯ ಮಾತು. ಆ ವರ್ಷ ಸೇರಿದವರಲ್ಲಿ ಮಾದೇವಿ ಎಂಬ ಹುಡುಗಿ ಇದ್ದಳು. ಅವಳ ತಂದೆ ಗುಂಡ್ಲುಪೇಟೆ ಕಡೆಯಿಂದ ಬಂದು, ಇತ್ತಲಾರು ಎಂಬ ಊರಿನ ಆಚೆ ಒಂದು ಹಟ್ಟಿಯಲ್ಲಿ ಗುತ್ತಿಗೆ ಭೂಮಿ ಹಿಡಿದು ಕ್ಯಾರೆಟ್ಟು, ಆಲೂಗಡ್ಡೆ ಬೆಳೆಯುತ್ತಿದ್ದರು. ಉಳಿದ ಹುಡುಗಿಯರ ಜೊತೆ ತಮಿಳು ಮಾತಾಡುತ್ತಿದ್ದವಳು ನನ್ನನ್ನು ಕಂಡರೆ ಮಾತ್ರ ತನ್ನ ಮನೆಯ ಕನ್ನಡಕ್ಕೆ ತಿರುಗುತ್ತಿದ್ದಳು.

ಅನಾಟಮಿಯ ಮೊದಲ ಪಾಠವೆಂದರೆ ದೇಹವನ್ನು ನಿಲ್ಲಿಸುವ ರೀತಿ. ನೆಟ್ಟಗೆ ನಿಂತು, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಅಂಗೈ ಎದುರಿನವರಿಗೆ ಕಾಣುವಂತೆ ತಿರುಗಿಸಬೇಕು. ಎದೆಯ ಕಡೆ ಆಂಟೀರಿಯರ್, ಬೆನ್ನಿನ ಕಡೆ ಪೋಸ್ಟೀರಿಯರ್. ಅಂಗಾತ ಮಲಗಿಸಿದರೂ ಬೋರಲು ಮಲಗಿಸಿದರೂ ಹೆಸರುಗಳು ಬದಲಾಗುವುದಿಲ್ಲ. ಆ ದಿನ ಮಾದೇವಿಯನ್ನು ತರಗತಿಯ ಮುಂದೆ ನಿಲ್ಲಿಸಿ, ಇವಳ ಎಡಭಾಗ ತೋರಿಸಿ ಎಂದು ಉಳಿದವರಿಗೆ ಹೇಳಿದೆ. ಅರ್ಧ ಜನ ತಮ್ಮ ಎಡಕ್ಕೆ ಕೈ ಮಾಡಿದರು. ಅಂಗೈ ತಿರುಗಿಸಿಕೊಂಡು ನಿಂತಿದ್ದ ಹಾಗೆಯೇ ಅವಳು ನಕ್ಕಳು.

"ಅದು ಅವರ ಎಡ ಮಿಸ್. ನನ್ನ ಎಡ ಈ ಕಡೆ ಅದೆ."

ಪುಸ್ತಕ ಹೇಳುವುದೂ ಅದನ್ನೇ. ಎಡಬಲ ದೇಹದವು, ನೋಡುವವರವಲ್ಲ.

ದೀಪಾವಳಿ ರಜೆಗೆ ಮಾದೇವಿ ಊರಿಗೆ ಹೋದಳು. ಮಳೆ ಬಿಡದೆ ಹಿಡಿದುಕೊಂಡಿತ್ತು. ಒಂದು ಬೆಳಗಿನ ಜಾವ ಆ ಹಟ್ಟಿಯ ಮೇಲಿನ ಗುಡ್ಡ ಜಾರಿತೆಂದು ಸುದ್ದಿ ಬಂತು. ನಾನು ಒಬ್ಬ ಡಾಕ್ಟರ ಜೊತೆ ಜೀಪಿನಲ್ಲಿ ಹೊರಟೆ. ದಾರಿಯಲ್ಲಿ ಮರಗಳು ಬಿದ್ದಿದ್ದರಿಂದ ತಲುಪುವಾಗ ಮಧ್ಯಾಹ್ನ ಕಳೆದಿತ್ತು.

ಮಣ್ಣಿನಡಿ ಹೋಗಿದ್ದದ್ದು ಮಾದೇವಿಯ ಮನೆಯೇ. ತರಕಾರಿ ಲೋಡಿನ ಜೊತೆ ಮೇಟುಪಾಳ್ಯಕ್ಕೆ ಹೋಗಿದ್ದ ತಂದೆ ಬದುಕಿದ್ದರು. ಊರವರ ಜೊತೆ ತಾವೂ ತೋಡುತ್ತಿದ್ದರು. ಮಾದೇವಿಯನ್ನು ಸೊಂಟದವರೆಗೆ ಬಿಡಿಸಿದ್ದರು. ಅಂಗಾತ ಬಿದ್ದಿದ್ದಳು, ಕಾಲುಗಳ ಮೇಲೆ ತೊಲೆ ಇತ್ತು. ಡಾಕ್ಟರು ಮುಟ್ಟಿ ನೋಡಿ ತಲೆಯಾಡಿಸಿದರು. ನಾನೂ ನೋಡಿದೆ. ದವಡೆ, ಕುತ್ತಿಗೆ, ತೋಳು ಎಲ್ಲವೂ ಸೆಟೆದುಕೊಂಡಿದ್ದವು. ಹೋಗಿ ಬಹಳ ಹೊತ್ತಾಗಿತ್ತು. ಸೆರಗಿನಿಂದ ಅವಳ ಮುಖದ ಮಣ್ಣು ಒರೆಸಿ, ಅವಳ ಕಾಲ ಕಡೆಗೆ ಬಂದು ನಿಂತೆ. ನಿಲ್ಲಲು ಜಾಗವಿದ್ದದ್ದು ಅಲ್ಲೊಂದೇ, ತೋಡುವವರೂ ಅದೇ ಕಡೆಯಿಂದ ತೋಡುತ್ತಿದ್ದರು.

ತಾಯಿ ಇನ್ನೂ ಸಿಕ್ಕಿರಲಿಲ್ಲ. ಬೆಳಗಿನ ಜಾವ ಒಲೆ ಹಚ್ಚುತ್ತಿದ್ದಿರಬೇಕೆಂದು ಅಡುಗೆಮನೆಯ ಕಡೆ ತೋಡುತ್ತಿದ್ದರು. ಮಂಜು ಕವಿಯುತ್ತಿತ್ತು. ಮೇಲಿನಿಂದ ಮತ್ತೆ ಸಣ್ಣಗೆ ಮಣ್ಣು ಉದುರತೊಡಗಿತು. ಇನ್ನು ನಿಲ್ಲಿಸೋಣ, ನಾಳೆ ನೋಡೋಣ ಎಂದು ಕೆಲವರು ಗುದ್ದಲಿ ಕೆಳಗಿಟ್ಟರು.

ಆಗ ಕೇಳಿಸಿತು. ಕೂಗಲ್ಲ, ಪಿಸುಮಾತೂ ಅಲ್ಲ, ತರಗತಿಯಲ್ಲಿ ಉತ್ತರ ಹೇಳುವ ದನಿ.

"ಅವ್ವ ಎಡಗಡೆ ಅವಳೆ ಮಿಸ್."

ಯಾರೂ ತಿರುಗಿ ನೋಡಲಿಲ್ಲ. ನಾನು ಯೋಚಿಸದೆ, "ಎಡಗಡೆ ತೋಡಿ" ಎಂದೆ. ಪಕ್ಕದ ಮನೆಯ, ಬಡಗ ಜನಾಂಗದ ಹಿರಿಯರು ಬೆವರೊರೆಸಿಕೊಂಡರು.

"ಎಡಗಡೆನೇ ತೋಡಿದ್ದು ಅಮ್ಮ. ಏನೂ ಇಲ್ಲೆ."

ಮತ್ತೆ ಅದೇ ದನಿ. ಈ ಸಲ ಅದರಲ್ಲಿ ಸ್ವಲ್ಪ ನಗುವಿತ್ತು ಎಂದು ಬರೆಯಲು ನನಗೆ ಕಷ್ಟವಾಗುತ್ತದೆ.

"ಅವರ ಎಡ ಅಲ್ಲ ಮಿಸ್. ನನ್ನ ಎಡ."

"ಆ ಕಡೆಯಲ್ಲ, ಈ ಕಡೆ" ಎಂದು ನಾನು ಬಲಕ್ಕೆ ಕೈ ತೋರಿಸಿದೆ. ಹೇಗೆ ಗೊತ್ತು ಎಂದು ಕೆಲವರು ಕೇಳಿದರು. ಮಾದೇವಿಯ ತಂದೆ ಕೇಳಲಿಲ್ಲ. ನನ್ನ ಮುಖ ನೋಡಿ, ಗುದ್ದಲಿ ಎತ್ತಿಕೊಂಡು ಆ ಕಡೆ ಹೋದರು. ಉಳಿದವರೂ ಹೋದರು. ಗೋಡೆಗೊರಗಿ ಬಿದ್ದ ಮಂಚದ ಕೆಳಗೆ ಒಂದಿಷ್ಟು ಟೊಳ್ಳು ಉಳಿದಿತ್ತು. ತಾಯಿ ಅಲ್ಲಿದ್ದರು. ಕಾಲು ಮುರಿದಿತ್ತು, ಆದರೆ ಉಸಿರಾಡುತ್ತಿದ್ದರು. ನಾನು ಆ ಮನೆಗೆ ಹಿಂದೆಂದೂ ಹೋದವಳಲ್ಲ. ಯಾರು ಎಲ್ಲಿ ಮಲಗುತ್ತಾರೆಂದು ತಿಳಿದಿರಲು ಸಾಧ್ಯವೇ ಇರಲಿಲ್ಲ.

ನನ್ನ ಮನಸ್ಸೇ ಆಡಿದ ಆಟ ಎಂದು ಒಪ್ಪಿಕೊಂಡು ಬಿಟ್ಟುಬಿಡುತ್ತಿದ್ದೆನೇನೋ. ಆದರೆ ಕೆಲವು ದಿನಗಳ ಮೇಲೆ ವಾರ್ಡಿನಲ್ಲಿ ಆ ತಾಯಿಯ ಪಕ್ಕ ಕೂತಿದ್ದಾಗ ಅವರು ಮೆಲ್ಲಗೆ ಮಾತು ತೆಗೆದರು.

"ಟೀಚರಮ್ಮ, ನೀವು ಬರಗಂಟ ಅವಳು ನನ್ನ ಕೂಡ ಮಾತಾಡ್ತನೇ ಇದ್ಲು. ಹೆದರ್ಕಬ್ಯಾಡ ಕನವ್ವ, ಮಿಸ್ ಬತ್ತಾರೆ ಅಂತಿದ್ಲು. ಗುದ್ದಲಿ ಸದ್ದು ಹತ್ರ ಬಂದ ಮ್ಯಾಲೆ ಸುಮ್ಮನಾದ್ಲು."

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಅಷ್ಟು ಮಾತಾಡ್ತಿದ್ದವಳ್ನ ಬುಟ್ಟು ಮೊದಲು ನನ್ನ ಯಾಕೆ ತಗುದ್ರಿ?"

ಬೆಳಗಿನ ಜಾವವೇ ಹೋಗಿದ್ದಳು ಎನ್ನಬಹುದಿತ್ತು. ನನ್ನ ಕೈಗಳಿಗೆ ಗೊತ್ತಿದ್ದದ್ದು ಅದೇ. ಹಾಗೆಂದರೆ ಕತ್ತಲೆಯಲ್ಲಿ ಅವರಿಗೆ ಜೊತೆಯಾಗಿದ್ದ ಮಗಳನ್ನು ನಾನೇ ಕಿತ್ತುಕೊಂಡಂತಾಗುತ್ತಿತ್ತು. ಸುಮ್ಮನಿದ್ದರೆ, ಬದುಕಿದ್ದವಳನ್ನು ನಾವು ಬಿಟ್ಟೆವು ಎಂದಾಗುತ್ತಿತ್ತು. ಅವರ ಕೈ ಹಿಡಿದುಕೊಂಡು ಕೂತೆ. ಅವರು ಮತ್ತೆ ಕೇಳಲಿಲ್ಲ.