ದೊಡ್ಡವ್ವನ ದನಿಯನ್ನು ನಾನು ತಿದ್ದಿದ್ದು

ಮೊನ್ನೆ ಭಾನುವಾರ ಟ್ರಂಕಿನಿಂದ ಕರಿ ಕಂಬಳಿ ತೆಗೆದು ಮಹಡಿ ಮೇಲೆ ಬಿಸಿಲಿಗೆ ಹಾಕುತ್ತಿದ್ದೆ. ಕೊಡವಿದ ಕೂಡಲೇ ಮೂಗಿಗೆ ಬಡಿಯಿತು... ಕಡ್ಡಿಪುಡಿ, ಸುಣ್ಣ, ಬಾಡಿದ ವೀಳ್ಯದೆಲೆ. ಹನ್ನೆರಡು ವರ್ಷವಾಯಿತು, ಆ ಕಂಬಳಿಯನ್ನು ಒಗೆಯಲು ನನಗೆ ಮನಸ್ಸೇ ಬಂದಿಲ್ಲ. ಅಲ್ಲೇ ನೀರಿನ ಟ್ಯಾಂಕಿನ ಪಕ್ಕ ಕುಳಿತೆ.

ಆ ವಾಸನೆ ನಮ್ಮ ಪಕ್ಕದ ಮನೆಯವಳದು. ಬೆಸಗರಹಳ್ಳಿಯ ನಮ್ಮ ಬೀದಿಗೆಲ್ಲ ಅವಳು ದೊಡ್ಡವ್ವ. ಗಂಡಸರ ಹಾಗೆ ದಪ್ಪ ದನಿ, ತುದಿಯಲ್ಲಿ ಸ್ವಲ್ಪ ಒಡಕು. ಬೆಳಿಗ್ಗೆ ಬೈಯಲು ನಿಂತಳೆಂದರೆ ಹಾಲಿನ ಡೇರಿಯ ತನಕ ಕೇಳಿಸುತ್ತಿತ್ತು. ಅದೇ ದನಿಯಲ್ಲಿ ಸೋಬಾನೆ ಎತ್ತಿಕೊಂಡರೆ ಹಸೆ ಮೇಲೆ ಕುಳಿತ ಮದುಮಗಳು ತಲೆ ತಗ್ಗಿಸಿ ಅಳುತ್ತಿದ್ದಳು. ಸುತ್ತಿನ ಹಳ್ಳಿಗಳ ಮದುವೆಗೆ ಅವಳನ್ನು ಕರೆಯದೆ ಚಪ್ಪರ ಹಾಕುತ್ತಿರಲಿಲ್ಲ.

ನಾನಾಗ ಮದ್ದೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಜೋಡಿಸುವ ಕೆಲಸಕ್ಕಿದ್ದೆ. ಸ್ಟುಡಿಯೋ ಮುಚ್ಚಿದಾಗ ಅಲ್ಲಿನ ಹಳೇ ಕಂಪ್ಯೂಟರ್, ಒಂದು ಮೈಕು ಮನೆಗೆ ಬಂದವು. ವಿಡಿಯೋಗಳಿಗೆ ಯಾರ ಯಾರದೋ ಸಂಗೀತ ಅಂಟಿಸಿ ಸಾಕಾಗಿತ್ತು. ನಾನೇ ಮಾಡುತ್ತೇನೆ ಅಂತ ಹುಚ್ಚು ಹಿಡಿಯಿತು. ಯಾರೋ ಪೆನ್‌ಡ್ರೈವಿನಲ್ಲಿ ಒಂದು ಸಾಫ್ಟ್‌ವೇರ್ ಕೊಟ್ಟರು. ಪರದೆ ತುಂಬ ಚೌಕುಳಿ. ಒಂದು ಮನೆ ಒತ್ತಿದರೆ ತಬಲಾ, ಇನ್ನೊಂದು ಒತ್ತಿದರೆ ಕೊಳಲು. ಎರಡು ತಿಂಗಳು ನಾನು ಮಾಡಿದ್ದೆಲ್ಲ ಐಸ್‌ಕ್ಯಾಂಡಿ ಗಾಡಿಯ ಪೀಪಿಯ ಹಾಗೇ ಇತ್ತು. ದೊಡ್ಡವ್ವ ಗೋಡೆಯಾಚೆಯಿಂದ ಕೂಗುತ್ತಿದ್ದಳು, "ಅದ್ಯಾವ ಮೋಟ್ರು ಕೆಟ್ಟೋಗದಮ್ಮಿ ನಿಮ್ಮನೇಲಿ?"

ಆ ವರ್ಷವೇ ಅವಳ ಒಬ್ಬಳೇ ಮಗಳಿಗೆ ಮಳವಳ್ಳಿ ಕಡೆಯ ಸಂಬಂಧ ಗೊತ್ತಾಯಿತು. ಅದೇ ತಿಂಗಳು ಅವಳ ಗಂಟಲಲ್ಲಿ ಗಡ್ಡೆ ಇರುವುದೂ ಗೊತ್ತಾಯಿತು. ಮೈಸೂರಿನ ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಧ್ವನಿಪೆಟ್ಟಿಗೆ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಅಂದರು. ಆಪರೇಷನ್‌ಗೆ ಎಂಟು ದಿನ ಇತ್ತು, ಮದುವೆಗೆ ಮೂರು ತಿಂಗಳು.

ಮಾರನೆಯ ದಿನ ದೊಡ್ಡವ್ವ ನಮ್ಮ ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

"ಊರೋರ ಎಣ್ಮಕ್ಕಳಿಗೆಲ್ಲ ಆಡಿದೀನಿ ಕಣಮ್ಮಿ. ನನ್ ಮಗ್ಳು ಅಸೆ ಮ್ಯಾಲೆ ಕುಂತಾಗ ಮೂಗಿ ಅಂಗೆ ಕೂತ್ಕಳಾದಾ ನಾನು? ನಿನ್ನ ಡಬ್ಬದೊಳಗೆ ನನ್ ದನಿ ಮಡಿಕ್ಕ. ಅವತ್ತು ಒಂದ್ಸಲ ಕೇಳ್ಸಿಬುಡು, ಸಾಕು."

ನನಗೆ ಅಳು ಬಂತು. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಕುಣಿದಾಟವೂ ಇತ್ತು. ಮೊದಲ ಸಲ ನನ್ನ ಕೈಗೆ ನಿಜವಾದ ಕೆಲಸ ಸಿಕ್ಕಿತ್ತು.

ಕೋಣೆಯಲ್ಲಿ ಹಗ್ಗ ಕಟ್ಟಿ ಈ ಕಂಬಳಿಯನ್ನು ಗುಡಾರದ ಹಾಗೆ ಇಳಿಬಿಟ್ಟೆ, ಹೊರಗಿನ ಸದ್ದು ಬರದಿರಲಿ ಅಂತ. ಕರೆಂಟು ಇರುವ ಹೊತ್ತು ನೋಡಿಕೊಂಡು ಮೂರು ಮಧ್ಯಾಹ್ನ ಅವಳನ್ನು ಅದರೊಳಗೆ ಕೂರಿಸಿದೆ. ತಾಳ ತಪ್ಪಬಾರದೆಂದು ಅವಳ ಕಿವಿಗೆ ಹೆಡ್‌ಫೋನ್ ಹಾಕಿ ಟಿಕ್ ಟಿಕ್ ಸದ್ದು ಬಿಟ್ಟರೆ, "ಯಾವನಮ್ಮಿ ಇವ್ನು, ಕಿವಿಯೊಳಗೆ ಮೊಳೆ ವಡೀತಾವ್ನೆ?" ಅಂತ ಕಿತ್ತು ಬಿಸಾಕಿದಳು. ತನ್ನ ಪಾಡಿಗೆ ಹಾಡಿದಳು. ನಡುವೆ ಕೆಮ್ಮಿದಳು, ಕ್ಯಾಕರಿಸಿದಳು, ಒಳಗೆ ಬಂದ ಕೋಳಿಗೆ ಬೈದಳು, ಆಚೆ ಮನೆಯಲ್ಲಿದ್ದ ಮಗಳಿಗೆ "ಲೇ, ಆಲು ಉಕ್ಕೀತು ನೋಡಮ್ಮೀ" ಅಂತ ಕೂಗಿದಳು. ಒಂದು ಪದದ ಕೊನೆಯಲ್ಲಿ ದನಿ ಹೊರಡದೆ ಬರೀ ಗಾಳಿ ಬಂತು. ಎದೆ ಹಿಡಿದುಕೊಂಡು, ತಡಿ ತಡಿ ಅಂತ ಕೈಸನ್ನೆ ಮಾಡಿ, ಮತ್ತೆ ಎತ್ತಿಕೊಂಡಳು...

ಅವಳು ಮೈಸೂರಿಗೆ ಹೋದಳು. ನಾನು ತಿದ್ದಲು ಕುಳಿತೆ.

ಮದ್ದೂರಿನ ಸೈಬರ್ ಸೆಂಟರಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತಿದ್ದೆನಲ್ಲ, ಕಲಿತದ್ದನ್ನೆಲ್ಲ ಅವಳ ಮೇಲೇ ಪ್ರಯೋಗ ಮಾಡಿದೆ. ಕೆಮ್ಮು ತೆಗೆದೆ. ಕೋಳಿ ತೆಗೆದೆ. ಎರಡು ಸಾಲಿನ ನಡುವೆ ಉಸಿರು ಎಳೆಯುವ ಸದ್ದನ್ನು ಒಂದೊಂದೇ ಹುಡುಕಿ ಕತ್ತರಿಸಿದೆ. ಒಡಕು ಇದ್ದಲ್ಲಿ ಸ್ವರ ಸರಿ ಮಾಡಿದೆ. ಅವಳ ತಾಳ ಚೌಕುಳಿಗೆ ಕೂರುತ್ತಿರಲಿಲ್ಲ, ಎಳೆದು ಕೂರಿಸಿದೆ. ಕೆಳಗೆ ಕೊಳಲು, ಮೇಲೆ ವೀಣೆ. ಇಪ್ಪತ್ತು ದಿನ ಊಟ ನಿದ್ದೆ ಬಿಟ್ಟು ಮಾಡಿದೆ. ಡಿಸ್ಕ್ ತುಂಬಿತು ಅಂತ ಕಂಪ್ಯೂಟರ್ ಕೆಂಪು ಪಟ್ಟಿ ತೋರಿಸಿತು. ಹೇಗೂ ಚೆನ್ನಾಗಿರುವುದು ಸಿದ್ಧವಾಯಿತಲ್ಲ ಅಂತ ಮೂರು ಮಧ್ಯಾಹ್ನದ ಮೂಲವನ್ನು ಅಳಿಸಿದೆ. ಎಂಥ ದಡ್ಡಿ ನಾನು! ಜಾಗ ಮಾಡುತ್ತಿದ್ದೇನೆ ಅಂದುಕೊಂಡೆ.

ದೊಡ್ಡವ್ವ ಕತ್ತಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಊರಿಗೆ ಬಂದಳು. ಕೇಳಿಸು ಅಂತ ಸನ್ನೆ ಮಾಡಿದಳು. ಮದುವೆ ದಿನವೇ ಕೇಳುವೆಯಂತೆ ಇರು ಅಂತ ಬೀಗುತ್ತ ಹೇಳಿದೆ.

ಮದುವೆ ದಿನ ಮಗಳು ಹಸೆ ಮೇಲೆ ಕುಳಿತಳು. ಸ್ಪೀಕರ್ ಹಾಕಿದೆ. ಚಪ್ಪರದ ತುಂಬ ಹಾಡು ತುಂಬಿತು. "ಯಾವ ಪಿಚ್ಚರಿಂದವ್ವ ಇದು, ಚೆಂದಾಗದೆ" ಅಂದಳು ಒಬ್ಬ ಹೆಂಗಸು. ನಾನು ನಗುತ್ತ ದೊಡ್ಡವ್ವನ ಮುಖ ನೋಡಿದೆ. ಅವಳು ಸ್ಪೀಕರನ್ನೇ ನೋಡುತ್ತಿದ್ದಳು, ಗುರುತಿಲ್ಲದವರು ಮನೆಯೊಳಗೆ ಬಂದರೆ ನೋಡುವ ಹಾಗೆ. ಅಷ್ಟರಲ್ಲಿ ಮಗಳು ನನ್ನ ಸೆರಗು ಎಳೆದಳು.

"ಅಕ್ಕ, ವೊತ್ತಾಯ್ತಾ ಅದೆ. ಅವ್ವನ ಆಡು ಯಾವಾಗ ಆಕ್ತೀಯ?"

ಹಾಡು ಮುಗಿಯಲು ಬಂದಿತ್ತು.

ದೊಡ್ಡವ್ವನಿಗೆ ಆ ಮಾತು ಕೇಳಿಸಿತು. ಅವಳು ಬಾಯಿ ತೆರೆದಳು. ಕತ್ತಿನ ಬಟ್ಟೆ ಒಂದು ಸಲ ಉಬ್ಬಿ ಇಳಿಯಿತು, ಅಷ್ಟೇ. ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು.

ಮದುವೆ ಮುಗಿದ ಮೇಲೆ ಒಂದು ದಿನ ಮನೆಗೆ ಬಂದಳು. ಕೆಮ್ಮುವ ಹಾಗೆ ಮಾಡಿ ತೋರಿಸಿದಳು, ಕೋಳಿ ಓಡಿಸುವ ಹಾಗೆ ಕೈ ಬೀಸಿದಳು. ಅದು ಬೇಕಂತೆ. ಅಳಿಸಿಬಿಟ್ಟೆ ದೊಡ್ಡವ್ವ ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಡಬ್ಬ ತೋರಿಸಿ, ಒಳಗೈತಲ್ಲ, ನೋಡು ಅಂತ ಸನ್ನೆ ಮಾಡಿದಳು. ನಾನು ತಲೆ ಆಡಿಸಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲು ಅವಳ ಹತ್ತಿರ ಏನಿತ್ತು? ನನ್ನ ತಲೆ ಸವರಿ ಎದ್ದು ಹೋದಳು.

ಡಿಸ್ಕನ್ನು ಮದ್ದೂರಿನ ರಿಪೇರಿ ಅಂಗಡಿಯ ಸಾಬರ ಹತ್ತಿರ ಒಯ್ದೆ. ಎರಡು ದಿನ ಇಟ್ಟುಕೊಂಡು ನೋಡಿದರು. "ಅದ್ರ ಮೇಲೇ ನೀವು ಬೇರೆ ತುಂಬ್ಬಿಟ್ಟಿದೀರಮ್ಮ, ಇನ್ ಸಿಗಾಕಿಲ್ಲ" ಅಂದರು ಪಾಪ, ತಮ್ಮದೇ ತಪ್ಪೆನ್ನುವಂತೆ. ಆಗ ನಮ್ಮ ಬೀದಿಯಲ್ಲಿ ಇದ್ದದ್ದೆಲ್ಲ ಗುಂಡಿ ಒತ್ತುವ ಫೋನು. ಅವಳ ದನಿ ಬೇರೆ ಎಲ್ಲೂ ಉಳಿದಿರಲಿಲ್ಲ. ಎರಡು ವರ್ಷಕ್ಕೆ ದೊಡ್ಡವ್ವನೂ ಹೋದಳು.

ನಾನೀಗ ಮಂಡ್ಯದಲ್ಲಿ ಇದನ್ನೇ ಕಸುಬು ಮಾಡಿಕೊಂಡಿದ್ದೇನೆ. ಹೋದ ತಿಂಗಳು ಅವಳ ಮಗಳು ಬಂದಿದ್ದಳು. ನನ್ನ ಕೋಣೆಯಲ್ಲಿ ಕುಳಿತು ಆ ಹಾಡನ್ನು ಪೂರ್ತಿ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಕ್ಕ, ನನ್ ಫೋನ್ನಲ್ಲೂ ಮಡಿಕ್ಕಂಡಿದ್ನಲ್ಲ ಇದ್ನ, ಹೋದ್ವಾರ ತೆಗ್ದಾಕ್ಬುಟ್ಟೆ. ಅವ್ವ ಹೆಂಗ್ ಕೂಗೋಳು ಅಂತ ನೆನೆಸ್ಕಳಾಕೆ ಹೋದ್ರೆ ಇದೇ ಬತ್ತದೆ ಕಿವಿಗೆ. ಅವ್ಳ ದನಿ ಮರ್ತೋಯ್ತಾ ಅದೆ ನಂಗೆ. ನಿನ್ನತ್ರ ಇರಾದ್ನೂ ಅಳಿಸ್ಬುಡು."

ಮೌಸನ್ನು ಅವಳ ಕಡೆ ಸರಿಸಿದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ನೀನೇ ಒತ್ತಕ್ಕ" ಅಂದಳು.

ಒತ್ತಿದೆ.