ಕತ್ತರಿಗೆ ಸಿಗದ ಹಣ್ಣು

ಆ ಕ್ಷೌರಿಕನದು ಸುಮ್ಮನೆ ಕೂರುವ ಕೈಯಲ್ಲ. ಮೂವತ್ತೊಂದು ವರ್ಷದಿಂದ ರಸ್ತೆಯ ತಿರುವಿನಲ್ಲಿ ಎರಡು ಕುರ್ಚಿಯ ಅಂಗಡಿ ಇಟ್ಟುಕೊಂಡಿದ್ದಾನೆ. ಗಿರಾಕಿ ಇದ್ದರೆ ಸರಿ. ಇಲ್ಲದಿದ್ದರೆ ಟವೆಲಿನ ಅಂಚಿನ ದಾರ, ಬ್ರಷ್ಷಿನಲ್ಲಿ ಎದ್ದು ನಿಂತ ಕೂದಲು, ಅದೂ ಮುಗಿದರೆ ಹಳೇ ಪೇಪರಿನಲ್ಲಿ ಅಚ್ಚಾದ ದೊಡ್ಡ ಮನುಷ್ಯರ ಮೀಸೆ, ಏನಾದರೊಂದಕ್ಕೆ ಕತ್ತರಿ ಬೀಳಲೇಬೇಕು. ಯಾರ ಮನೆಗೆ ಹೋದರೂ ಮುಖ ನೋಡುವುದಕ್ಕೆ ಮೊದಲು ಎರಡು ಕಿವಿಯ ಮೇಲಿನ ಕೂದಲು ಸಮ ಇದೆಯೋ ಇಲ್ಲವೋ ನೋಡುವ ಆಸಾಮಿ. ಇಂಥವನ ಕೈಗೆ ಅವನಕ್ಕ ಒಂಬತ್ತು ಬೀಜ ಕೊಟ್ಟು ಹೋದಳು ಅಂದರೆ ಅವಳ ಧೈರ್ಯ ಮೆಚ್ಚಬೇಕು.

ಕೊಟ್ಟದ್ದು ಅಂಗಡಿಯಲ್ಲೇ. ಅವಳ ಹೊಟ್ಟೆಯಲ್ಲಿದ್ದ ಗಡ್ಡೆ ತೆಗೆದಿದ್ದರು. ಇನ್ನು ಆರು ತಿಂಗಳು ದೂರದ ಊರಿನಲ್ಲಿ ಮಗಳ ಮನೆಯಲ್ಲಿದ್ದು, ಅಲ್ಲಿನ ಆಸ್ಪತ್ರೆಯಲ್ಲಿ ಔಷಧಿ ಹಾಕಿಸಿಕೊಳ್ಳಬೇಕಾಗಿತ್ತು. ಹೊರಡುವ ಹಿಂದಿನ ದಿನ ಬಂದವಳು ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಕಿಟಕಿ ಕಡೆಯ ಕುರ್ಚಿಯಲ್ಲಿ ಕೂತಳು.

“ಎಲ್ಲಾ ತೆಗೆದುಬಿಡೋ. ಔಷಧಿ ಉದುರಿಸೋಕೆ ಮುಂಚೆ ನೀನೇ ತೆಗೆದ್ರೆ ನಂಗೆ ಸಮಾಧಾನ.”

ಎಷ್ಟು ಸಾವಿರ ತಲೆ ನೋಡಿದ ಕೈಯೋ, ಅವತ್ತು ಒಂದು ತಲೆಗೆ ಒಂದು ಗಂಟೆ ಹಿಡಿಯಿತು. ಮುಗಿದ ಮೇಲೆ ಅಕ್ಕ ಕನ್ನಡಿಯಲ್ಲಿ ಅತ್ತಿತ್ತ ತಿರುಗಿ ನೋಡಿಕೊಂಡು, “ಥೇಟ್ ಅಪ್ಪನ ಥರಾನೇ ಕಾಣ್ತೀನಲ್ಲೋ” ಅಂತ ನಕ್ಕಳು. ಅವನಿಗೆ ನಗು ಬರಲಿಲ್ಲ. ಆಮೇಲೆ ಅವಳು ಚೀಲದಿಂದ ಒಂದು ಸಣ್ಣ ಪೊಟ್ಟಣ ತೆಗೆದಳು.

ಅದರಲ್ಲಿದ್ದದ್ದು ಮನೆಯವರೆಲ್ಲ ‘ಅಮ್ಮನ ಹಣ್ಣು’ ಅನ್ನುತ್ತಿದ್ದ ಟೊಮೆಟೊದ ಬೀಜ. ಅಂಗಡಿಯಲ್ಲಿ ಸಿಗುವ ಗೋಲಿಯಂಥ ಹಣ್ಣಲ್ಲ ಅದು. ಮೈತುಂಬ ಮಡಿಕೆ, ಒಂದೊಂದೂ ಅಂಗೈಯಲ್ಲಿ ಹಿಡಿಸದಷ್ಟು ದಪ್ಪ, ಕೊಯ್ದರೆ ಒಳಗೆಲ್ಲ ತಿರುಳು. ಅಮ್ಮ ಬೆಳೆದಳು, ಅವಳ ನಂತರ ಅಕ್ಕ ಬೆಳೆದಳು. ಪ್ರತಿ ವರ್ಷ ಒಳ್ಳೆಯ ಹಣ್ಣೊಂದರಿಂದ ಬೀಜ ಎತ್ತಿಡುವುದು ಮನೆಯ ಪದ್ಧತಿ. ಕಾಯಿಲೆಯ ಗಲಾಟೆಯಲ್ಲಿ ಎರಡು ವರ್ಷ ಹಾಕಿರಲಿಲ್ಲ.

“ಇಷ್ಟೇ ಉಳಿದಿರೋದು. ಬೇರೆ ಯಾರ ಹತ್ರಾನೂ ಇಲ್ಲ. ನಾನು ವಾಪಸ್ ಬರೋಷ್ಟರಲ್ಲಿ ಒಂದು ಹಣ್ಣು ರೆಡಿ ಇಡು” ಅಂದಳು.

ಗಿಡ ಉಳಿದರೆ ಅಕ್ಕ ಉಳಿಯುತ್ತಾಳೆ ಅಂತ ಅವನು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡ. ಹಾಗೆ ಯಾವ ಡಾಕ್ಟರೂ ಹೇಳಿರಲಿಲ್ಲ. ಅವನೂ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಐಸ್‌ಕ್ರೀಮ್ ಕಪ್ಪುಗಳಲ್ಲಿ ಬಿತ್ತಿದ. ಗಿರಾಕಿಗಳ ತಲೆಗೆ ನೀರು ಚಿಮುಕಿಸುವ ಬಾಟಲಿಯಿಂದಲೇ ಬೆಳಗ್ಗೆ ಸಂಜೆ ಚಿಮುಕಿಸಿದ. ಒಂಬತ್ತರಲ್ಲಿ ಮೂರು ಮೊಳೆತವು. ಒಂದು ಬುಡ ಕೊಳೆತು ಮಲಗಿತು, ಇನ್ನೊಂದನ್ನು ಬಸವನಹುಳು ತಿಂದು ತೇಗಿತು. ಉಳಿದ ಒಂದನ್ನು ಹಿತ್ತಲ ಗೋಡೆಯ ಪಕ್ಕ ನೆಟ್ಟು, ಕೋಲು ಕೊಟ್ಟು, ಹರಿದ ಟವೆಲಿನ ಪಟ್ಟಿಯಿಂದ ಸಡಿಲವಾಗಿ ಕಟ್ಟಿದ. ಗಿಡ ಅವನ ಎದೆ ಮಟ್ಟಕ್ಕೆ ಬಂತು, ಹೂ ಬಿಟ್ಟಿತು, ಐದು ಕಾಯಿ ಕಚ್ಚಿತು. ಅಕ್ಕ ಫೋನಿನಲ್ಲಿ, “ಎಲೆ ಸಂದಿಯಲ್ಲಿ ಬರೋ ಚಿಗುರು ಮಾತ್ರ ಚಿವುಟು. ಬೇರೇನೂ ಮುಟ್ಟಬೇಡ” ಅಂದಿದ್ದಳು.

ಅಂಗಡಿಗೆ ರಜೆ ಇದ್ದ ದಿನ ಅವನು ಚಿಗುರು ಚಿವುಟಲು ಕೂತ. ಉಗುರಿನಲ್ಲಿ ಚಿವುಟುವ ಕೆಲಸಕ್ಕೆ ಕತ್ತರಿ ತಂದದ್ದೇ ಮೊದಲ ತಪ್ಪು. ಚಿಗುರು ಮುಗಿಯಿತು. ಎಡಗಡೆಯ ಒಂದು ಎಲೆ ಬಲಗಡೆಯದಕ್ಕಿಂತ ಉದ್ದ ಕಾಣಿಸಿತು, ತೆಗೆದ. ಈಗ ಬಲಗಡೆ ದಟ್ಟವಾಯಿತು, ಅಲ್ಲಿ ಎರಡು ತೆಗೆದ. ಮತ್ತೆ ಎಡಗಡೆ. ಕಿವಿಯ ಪಕ್ಕದ ಕೂದಲು ಸಮ ಮಾಡುತ್ತ ಹೋದ ಹಾಗೆ ಎಡ, ಬಲ, ಎಡ, ಬಲ. ಬೆವರು ಒರೆಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ಅವನಿಗೆ ನಿಜಕ್ಕೂ ಖುಷಿಯಾಗಿತ್ತು. ಕನ್ನಡಿ ಹಿಡಿದು ಗಿಡಕ್ಕೆ ತೋರಿಸುವುದೊಂದು ಬಾಕಿ.

ಬಟ್ಟೆ ಒಣಹಾಕಲು ಬಂದ ಹೆಂಡತಿ ಬಕೆಟ್ಟು ಕೆಳಗಿಟ್ಟಳು. “ಇದೇನ್ರೀ ಇದು? ಗಿಡಾನ ಪೊಲೀಸ್ ಟ್ರೈನಿಂಗಿಗೆ ಕಳಿಸ್ತಿದ್ದೀರಾ?”

“ಗಾಳಿ ಬೆಳಕು ಆಡ್ಲಿ ಅಂತ ಕಣೇ” ಅಂದ ದೊಡ್ಡ ತಿಳಿದವನ ಹಾಗೆ.

ನಾಲ್ಕು ದಿನ ಕೆಂಡದಂಥ ಬಿಸಿಲು ಬಿತ್ತು. ಐದನೆಯ ದಿನ ಕಾಯಿಗಳ ಹೆಗಲ ಮೇಲೆ ಬಿಳೀ ಕಲೆ, ಮುಟ್ಟಿದರೆ ಕಾಗದದ ಹಾಗೆ. ಅವನು ಒಂದು ಕಾಯನ್ನು ಕಿತ್ತು ಜೇಬಿನಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ, ಕೂದಲು ಕತ್ತರಿಸುತ್ತ ಗಿರಾಕಿ ಮೇಷ್ಟ್ರಿಗೆ ತೋರಿಸಿದ. ಆ ಮೇಷ್ಟ್ರ ತಲೆಯ ನಡುವೆ ಹುಡುಕಿದರೂ ಕೂದಲಿಲ್ಲ. ಸುತ್ತ ಉಳಿದಿರುವ ಒಂದು ಬಳೆಯಷ್ಟನ್ನು ಓರಣ ಮಾಡಿಸಿಕೊಳ್ಳಲು ತಿಂಗಳಿಗೆರಡು ಸಲ ತಪ್ಪದೆ ಬರುತ್ತಾರೆ.

“ಎಲೆ ಎಲ್ಲಾ ಬೋಳಿಸಿಬಿಟ್ಯಾ?” ಅಂದರು ಮೇಷ್ಟ್ರು, ಕಾಯಿ ತಿರುಗಿಸಿ ನೋಡುತ್ತ. “ನೆತ್ತಿಗೆ ನೆರಳಿಲ್ಲದೆ ಬಿಸಿಲು ಹೊಡೆದಿದೆ ಕಣಯ್ಯಾ. ಈ ಕಷ್ಟ ನನ್ನ ಕೇಳು, ಹೇಳ್ತೀನಿ.”

ಅವನು ಅರ್ಧ ಕತ್ತರಿಸಿದ ಬಳೆಯನ್ನು ಹಾಗೇ ಬಿಟ್ಟು, ಮೇಷ್ಟ್ರ ಕುತ್ತಿಗೆಗೆ ಕಟ್ಟಿದ್ದ ಬಿಳಿ ಬಟ್ಟೆಯನ್ನು ಬಿಚ್ಚಿಕೊಂಡು ಮನೆಗೆ ಓಡಿದ. ಗಿಡದ ಸುತ್ತ ನಾಲ್ಕು ಕೋಲು ನೆಟ್ಟು ಅದನ್ನೇ ಚಪ್ಪರದ ಹಾಗೆ ಹೊದಿಸಿದ. ಆದರೆ ಹೊತ್ತು ಮೀರಿತ್ತು. ಉಳಿದವುಗಳಲ್ಲಿ ಮೂರು ಕಾಯಿ ಬೀಜ ಬಲಿಯುವ ಮೊದಲೇ ಒಂದೊಂದಾಗಿ ಕೊಳೆತು ಬಿದ್ದವು. ಹೀಗೆ ಬೀಳುವಾಗಲೇ ಅವನಿಗೆ ಕಂಡದ್ದು, ಕಾಂಡಕ್ಕೂ ಗೋಡೆಗೂ ನಡುವೆ ಕತ್ತರಿಯ ತುದಿ ತೂರದ ಸಂದಿಯಲ್ಲಿ ಎರಡು ಎಲೆ ಉಳಿದಿದ್ದವು. ಅವುಗಳ ಹಿಂದೆ ಐದನೆಯ ಕಾಯಿ, ಕಲೆಯಿಲ್ಲದೆ, ಹಸಿರಾಗಿ.

ಅವತ್ತು ಸಂಜೆ ಅಕ್ಕನ ಫೋನು ಬಂತು. ಅವಳ ದನಿ ಸಣ್ಣಗಾಗಿತ್ತು. “ಹೆಂಗಿದೆಯೋ ಗಿಡ?”

“ಚೆನ್ನಾಗಿದೆ ಅಕ್ಕಾ” ಅಂದ. ಹೆಂಡತಿ ಅವನ ಮುಖ ನೋಡಿದಳು. ಅವನು ಗೋಡೆ ನೋಡಿದ.

ಮರುದಿನದಿಂದ ಕತ್ತರಿಯನ್ನು ಮನೆಗೆ ತರುವುದೇ ನಿಲ್ಲಿಸಿದ. ಹೊಸ ಎಲೆಗಳು ಮನಸ್ಸಿಗೆ ಬಂದ ಹಾಗೆ ಬೆಳೆದವು, ಒಂದು ಕೊಂಬೆ ಪಕ್ಕದ ಮನೆಯ ಕಡೆ ಕೈ ಚಾಚಿತು. ಅದನ್ನು ನೋಡುವಾಗಲೆಲ್ಲ ಅವನ ಬೆರಳು ತುರಿಸುತ್ತಿತ್ತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ. ಆ ಒಂದೇ ಕಾಯಿ ಊದಿತು, ಮಡಿಕೆ ಬಿತ್ತು, ಬುಡದಿಂದ ಕೆಂಪೇರಿತು. ಭಾರಕ್ಕೆ ಕೊಂಬೆ ಮುರಿದೀತೆಂದು ಹೆಂಡತಿ ತನ್ನ ಹಳೆಯ ದುಪಟ್ಟಾದಲ್ಲಿ ತೊಟ್ಟಿಲು ಕಟ್ಟಿಕೊಟ್ಟಳು.

ಏಳನೆಯ ತಿಂಗಳ ಮೊದಲ ವಾರ ಅಕ್ಕ ಬಂದಳು. ತೆಳ್ಳಗಾಗಿದ್ದಳು, ಆದರೆ ಗೇಟಿನಿಂದ ಹಿತ್ತಲಿಗೆ ಯಾರ ಕೈಯನ್ನೂ ಹಿಡಿಯದೆ ನಡೆದಳು. ಇನ್ನು ಮೂರು ತಿಂಗಳಿಗೊಮ್ಮೆ ತೋರಿಸಿದರೆ ಸಾಕು ಅಂದಿದ್ದಾರಂತೆ. ಅವನು ಒಂದೇ ಉಸಿರಿನಲ್ಲಿ ಎಲ್ಲ ಒಪ್ಪಿಸಿಬಿಟ್ಟ. ಕತ್ತರಿ, ಎಡ, ಬಲ, ಹಾಳಾದ ನಾಲ್ಕು ಕಾಯಿ, ಫೋನಿನಲ್ಲಿ ಹೇಳಿದ ಸುಳ್ಳು.

“ಒಂದೇ ಒಂದು ಉಳಿದಿದೆ ಅಕ್ಕಾ. ತಪ್ಪಾಯ್ತು.”

“ಒಂದಿದೆಯಲ್ಲೋ ಪೆದ್ದಾ! ಅದರೊಳಗೆ ಎಷ್ಟು ಬೀಜ ಇರುತ್ತೆ ಗೊತ್ತಾ?”

ಅವಳೇ ಕೊಯ್ದಳು. ಒಂದು ಹೋಳಿಗೇ ತಟ್ಟೆ ತುಂಬಿತು. ಉಪ್ಪು ಉದುರಿಸಿಕೊಂಡು ಮೂವರೂ ಮೊಣಕೈವರೆಗೆ ರಸ ಸುರಿಸಿಕೊಂಡು ತಿಂದರು. ಔಷಧಿ ಶುರುವಾದ ಮೇಲೆ ನಾಲಿಗೆಗೆ ರುಚಿ ಹತ್ತಿದ್ದು ಇದೇ ಮೊದಲು ಅಂದಳು ಅಕ್ಕ. ಬೀಜದ ಲೋಳೆಯನ್ನು ಗಾಜಿನ ಲೋಟಕ್ಕೆ ಹಾಕಿ ನೀರು ಬೆರೆಸಿ, “ಮೂರು ದಿನ ಹುಳೀಲಿ. ತಳಕ್ಕೆ ಇಳಿದಿದ್ದನ್ನ ತೊಳೆದು ಒಣಗಿಸೋಣ. ಮೂರು ಮನೆಗೂ ಒಂದೊಂದು ಪೊಟ್ಟಣ. ಒಬ್ಬರ ಹತ್ರಾನೇ ಇರೋದು ಬೇಡ” ಅಂದಳು. ಮೂರನೆಯದು ಅವಳ ಮಗಳಿಗೆ.

ಆಮೇಲೆ ಗಿಡದ ಪಕ್ಕ ಕುರ್ಚಿ ಎಳೆದುಕೊಂಡು ಕೂತು ತಲೆಯ ಬಟ್ಟೆ ಬಿಚ್ಚಿದಳು. ಹೊಸ ಕೂದಲು ಅರ್ಧ ಬೆರಳಿನಷ್ಟು ಬಂದಿತ್ತು. ನೆತ್ತಿಯ ಮೇಲೆ ಸುರುಳಿ, ಕಿವಿಯ ಹತ್ತಿರ ನೆಟ್ಟಗೆ, ಒಂದೊಂದು ಒಂದೊಂದು ದಿಕ್ಕಿಗೆ.

“ನೋಡು, ಹೆಂಗಂದ್ರೆ ಹಂಗೆ ಬೆಳೆದಿದೆ. ಸ್ವಲ್ಪ ಸರಿ ಮಾಡ್ತೀಯೇನೋ?”

ಎಡಗಡೆ ಬಲಗಡೆಗಿಂತ ಉದ್ದವಿತ್ತು. ಅವನಿಗೆ ಅದು ಬಟ್ಟೆ ಬಿಚ್ಚಿದ ಕ್ಷಣವೇ ಕಂಡಿತ್ತು. ಕಣ್ಣು ತುಂಬಿ ಬಂತು, ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋದವು.

“ಬೇಡ ಅಕ್ಕಾ” ಅಂದ. “ಬೆಳೀಲಿ ಬಿಡು.”

ಬಿಸಿಲು ಅವಳ ನೆತ್ತಿಗೆ ಬೀಳುತ್ತಿತ್ತು. ಅವನು ಗಿಡದ ಮೇಲಿನ ಬಿಳಿ ಬಟ್ಟೆಯ ಒಂದು ಅಂಚನ್ನು ಬಿಚ್ಚಿ, ಅವಳ ಕುರ್ಚಿಯವರೆಗೂ ಎಳೆದು ಕಟ್ಟಿದ.