ಒಂದು ಬೆರಳಿನ ಸ್ಟೇರಿಂಗ್

ನಮ್ಮ ಪಿಕಪ್ ಗಾಡಿ ಅಪ್ಪನಿಗಿಂತ ಎರಡು ವರ್ಷ ದೊಡ್ಡದು. ಹಾಗಾಗಿ ಮನೆಯಲ್ಲಿ ಅದಕ್ಕೆ ಅಪ್ಪನಿಗಿಂತ ಒಂದು ಕೈ ಹೆಚ್ಚೇ ಮರ್ಯಾದೆ. ಲಕ್ಷ್ಮೇಶ್ವರದಲ್ಲಿ ನಮ್ಮದು ಶಾಮಿಯಾನದ ಅಂಗಡಿ. ಶಿರಹಟ್ಟಿ, ಮುಂಡರಗಿ ಕಡೆಯ ಮದುವೆಗಳಿಗೆ ಕಂಬ, ಬಟ್ಟೆ, ಅಡುಗೆಯ ದೊಡ್ಡ ಪಾತ್ರೆ ಹೊರುವುದು ಗಾಡಿಯ ಕೆಲಸ, ಅದನ್ನು ಓಡಿಸುವುದು ಅಜ್ಜನ ಕೆಲಸ, ಪಕ್ಕದಲ್ಲಿ ಕುಳಿತು ಬೇಡದ್ದೆಲ್ಲ ಮಾತಾಡುವುದು ನನ್ನ ಕೆಲಸ.

ಅದರ ಸ್ಟೇರಿಂಗ್ ಎಷ್ಟು ಬಿಗಿ ಅಂದರೆ, ಬಜಾರಿನ ತಿರುವಿನಲ್ಲಿ ಅಜ್ಜ ಸೀಟಿನಿಂದ ಎದ್ದು ನಿಂತು, ಎದೆ ಕೊಟ್ಟು ತಿರುಗಿಸಬೇಕು. ಒಮ್ಮೆ ಅವನು ತಿರುಗಿಸಲು ಶುರುಮಾಡಿದಾಗ ಎದುರಿನ ಅಂಗಡಿಯಲ್ಲಿ ಚಹಾ ಹೇಳಿದವನೊಬ್ಬ, ಗಾಡಿ ಪೂರ್ತಿ ತಿರುಗುವುದರೊಳಗೆ ಚಹಾ ಕುಡಿದು, ಗಡ್ಡ ಬೋಳಿಸಿಕೊಂಡು, ಹೆಣ್ಣು ನೋಡಿಕೊಂಡು ಬಂದಿದ್ದ. ಕಾಲೇಜಿನಲ್ಲಿ ನಾನು ಹೇಳುತ್ತಿದ್ದುದು ಹೀಗೆ. ನಿಮಗೆ ಬೇಕಾದರೆ ಹೆಣ್ಣು ನೋಡಿದ್ದನ್ನು ಬಿಟ್ಟುಬಿಡಿ.

ನನ್ನ ಇನ್ನೊಂದು ಬಡಾಯಿ, ನಮ್ಮಜ್ಜ ಕಣ್ಣು ಮುಚ್ಚಿ ಗಾಡಿ ಓಡಿಸುತ್ತಾನೆ ಅನ್ನುವುದು. ಅದಕ್ಕೆ ಆಧಾರವಿತ್ತು. ಯಾವ ಊರು ಬಂತೆಂದು ಅವನು ಸ್ಟೇರಿಂಗ್ ಹಿಡಿದೇ ಹೇಳುತ್ತಿದ್ದ. ಅಂಗೈಯಲ್ಲಿ ಸಣ್ಣಗೆ ನಡುಗಿದರೆ ಶಿರಹಟ್ಟಿ ದಾಟಿತು. ಸುಮ್ಮನೆ ಎಡಕ್ಕೆ ಜಗ್ಗಿದರೆ ಟಾರು ಮುಗಿದು ಹಿರೇವಡ್ಡಟ್ಟಿಯ ಎರೆ ಮಣ್ಣು ಶುರು.

"ಗಾಲಿ ಹೇಳ್ತಾವಲೇ. ಕೇಳೂ ಕೈ ಬೇಕಷ್ಟ," ಅನ್ನುತ್ತಿದ್ದ.

ಈಚೆಗೆ ನನ್ನ ಬುದ್ಧಿ ಚುರುಕಾಗಲಿ ಎಂದು ದಾರಿಯುದ್ದಕ್ಕೂ ಒಂದು ಆಟ ಆಡಿಸುತ್ತಿದ್ದ. "ಮುಂದ ಏನೈತಿ ಹೇಳು."

"ಎಮ್ಮಿ. ಎಮ್ಮಿ ಮ್ಯಾಲೆ ಕಾಗಿ. ಕಾಗಿ ಬಾಯಾಗ ಚುರಮರಿ."

"ಕಾಗಿ ಬಿಡಲೇ, ಬೋಳ್ಯಾ. ಎಮ್ಮಿ ಎಡಕ್ಕೈತೋ ಬಲಕ್ಕೈತೋ?"

ಈ ಸಲ ದೀಪಾವಳಿ ಮುಗಿದ ಮೇಲೆ ಅಜ್ಜನ ಬಲ ಭುಜ ಹಿಡಿದುಕೊಂಡಿತು. ಅಂಗಿ ತೊಡಲೂ ಇನ್ನೊಬ್ಬರು ಬೇಕು. ಒಂದು ಮುಂಜಾನೆ ಅಪ್ಪ ಅಂದ, "ಸಾಕಪ್ಪಾ. ಗದಗಿನ ಗುಜರಿಯವ್ರಿಗೆ ಗಾಡಿ ಕೊಟ್ಟಬಿಡೂಣು. ನೀ ಮನ್ಯಾಗ ಆರಾಮ ಕುಂಡ್ರು."

"ಕುಂತು ಏನ್ ಮಾಡ್ಲಿ? ಗ್ವಾಡಿ ನೋಡ್ಲಿ?"

ಕಡೆಗೆ ಅಪ್ಪ ಒಂದು ಮಾತಿಗೆ ಬಂದ. ಲಗ್ನದ ಸೀಜನ್ ಶುರುವಾಗುವುದರೊಳಗೆ ಸ್ಟೇರಿಂಗ್ ತಿರುಗಿಸಲು ಬಂದರೆ ಗಾಡಿಯೂ ಅಜ್ಜನದು, ದಾರಿಯೂ ಅಜ್ಜನದು. ಬರದಿದ್ದರೆ ಗುಜರಿ.

ಆಗ ಎದ್ದು ನಿಂತವನು ನಾನು. ಮೊಬೈಲಿನಲ್ಲಿ ನೂರಾರು ವಿಡಿಯೋ ನೋಡಿದವನು. "ಪವರ್ ಸ್ಟೇರಿಂಗ್ ಹಾಕ್ಸೂಣು! ಒಂದು ಬೆರಳಿನ್ಯಾಗ ತಿರಗತೈತಿ."

"ಬ್ಯಾಡಲೇ," ಅಂದ ಅಜ್ಜ. ಮರುದಿನವೂ ಬ್ಯಾಡ ಅಂದ. ಮುದುಕರ ಹಟ ಅಂದುಕೊಂಡೆ. ಮೂರನೇ ದಿನ ಭುಜಕ್ಕೆ ಎಣ್ಣೆ ಹಚ್ಚಿಸಿಕೊಳ್ಳುತ್ತ, "ಬ್ಯಾರೆ ದಾರಿ ಇಲ್ಲಲಾ, ಹಾಕ್ಸು," ಅಂದ.

ಗದಗಿನ ಗುಜರಿಯಲ್ಲಿ, ನುಜ್ಜುಗುಜ್ಜಾದ ಒಂದು ಜೀಪಿನ ಪವರ್ ಸ್ಟೇರಿಂಗ್ ಡಬ್ಬಿ ಸಿಕ್ಕಿತು. ನಮ್ಮೂರ ಮಿಸ್ತ್ರಿ ಚಾಚಾ ಮೂರು ವಾರ ಕೂತು ಕೊಯ್ದು, ಬೆಸುಗೆ ಹಾಕಿ, ಇಂಜಿನ್ನಿಗೆ ಪಂಪು ಕೂಡಿಸಿ, ಬೆಲ್ಟು ಬಿಗಿದ. ಕಾಲೇಜಿನಲ್ಲಿ ನಾನು ಹೇಳಿದ ಪ್ರಕಾರ ಇದನ್ನೆಲ್ಲ ಮಾಡಿದವನು ನಾನು. ಗ್ಯಾರೇಜಿನಲ್ಲಿ ನಾನು ಬ್ಯಾಟರಿ ಹಿಡಿದಿದ್ದೆ, ಅದರ ಬೆಳಕನ್ನೂ ಬೇರೆ ಕಡೆ ಬಿಡುತ್ತೇನೆಂದು ಚಾಚಾ ಬೈಯುತ್ತಿದ್ದ.

ಮೊದಲ ಸಲ ಚಾಲೂ ಮಾಡಿ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಗಾಲಿ ಬಲಕ್ಕೆ ಹೊರಳಿದವು.

"ಡಬ್ಬಿ ಉಲ್ಟಾ ಕುಂತೈತಿ ತಮ್ಮಾ," ಅಂದ ಚಾಚಾ, ಬೀಡಿಯನ್ನೂ ತೆಗೆಯದೆ. "ಅಜ್ಜಾರ, ಎರಡ ದಿನ ಕೊಡ್ರಿ. ಇಲ್ಲಾ, ಮುಂಡರಗಿಗೆ ಹೋಗೂದಿದ್ದಾಗ ಗದಗಿಗೆ ಹೊಂಡ್ರಿ."

ಆ ತಪ್ಪು ಎರಡು ದಿನದಲ್ಲಿ ಸರಿಹೋಯಿತು. ಆ ಖುಷಿಯಲ್ಲಿ ನಾನು ಹಳೆಯ ಸ್ಟೇರಿಂಗ್ ಡಬ್ಬಿಯನ್ನು ಗುಜರಿಗೆ ತೂಗಿಸಿ ಎಲ್ಲರಿಗೂ ಗಿರಮಿಟ್, ಮಿರ್ಚಿ ತಿನ್ನಿಸಿದೆ. ಅಜ್ಜನೂ ಒಂದು ತಟ್ಟೆ ತಿಂದ, ದುಡ್ಡು ಎಲ್ಲಿಂದ ಬಂತೆಂದು ಕೇಳಲಿಲ್ಲ.

ಎರಡು ದಿನ ಬಿಟ್ಟು ಮುಂಜಾನೆ, ನಮ್ಮೂರ ಹತ್ತಿರದ ಮಾಗಡಿ ಕೆರೆ ಕಡೆ ಒಂದು ಸುತ್ತು ಹೋಗಿ ಬರುವುದೆಂದಾಯಿತು. ಬಜಾರಿನ ತಿರುವಿನಲ್ಲಿ ಅಜ್ಜ ಕೂತಲ್ಲೇ ಒಂದು ಬೆರಳಿನಲ್ಲಿ ತಿರುಗಿಸಿದ. ಚಹಾದಂಗಡಿಯವರು ಎದ್ದು ನಿಂತು ನೋಡಿದರು. ನಾನು ಮೊಬೈಲ್ ತೆಗೆದು ಅಜ್ಜನ ಮುಖದ ಮುಂದೆ ಹಿಡಿದೆ. ಈ ವಿಡಿಯೋ ಗದಗ ಜಿಲ್ಲೆಯನ್ನೇ ಅಲ್ಲಾಡಿಸುತ್ತದೆ ಎಂದು ನನಗೆ ಖಾತ್ರಿಯಿತ್ತು.

ಊರು ದಾಟಿದ ಮೇಲೆ ಅಜ್ಜ ಕೇಳಿದ, "ಮುಂದ ಏನೈತಿ?"

"ಮುಂದ ಮೊಬೈಲ್ ಐತಿ. ನಗು ಅಜ್ಜಾ."

ಅವನು ನಗಲಿಲ್ಲ. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಬಿಟ್ಟು, ಮತ್ತೆ ಹಿಡಿದ. ಕತ್ತಲಲ್ಲಿ ಗೂಟ ತಡಕುವವರ ಹಾಗೆ. "ಏನೈತಿ ಹೇಳಲೇ!" ಅಂತ ಜೋರಾಗಿ ಅಂದ. ಅಷ್ಟರಲ್ಲಿ ಗಾಡಿ ಮೆಲ್ಲಗೆ, ಬೆಣ್ಣೆಯ ಮೇಲೆ ಜಾರಿದಂತೆ, ರಸ್ತೆ ಇಳಿದು ಕಡಲೆ ಹೊಲದೊಳಗೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ನಾಲ್ಕು ಸಾಲು ಕಡಲೆ ಮಲಗಿತು.

ಎದುರಿಗೇ ಕೆರೆ. ಸಪ್ಪಳಕ್ಕೆ ಚಳಿಗಾಲದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಇಡೀ ಗಾಜಿನ ತುಂಬ ಹಕ್ಕಿ, ಆಕಾಶ ಕಾಣದಷ್ಟು ಹಕ್ಕಿ. ಇದರಲ್ಲಿ ನಾನು ಏನೂ ಸೇರಿಸಿಲ್ಲ.

"ಅಜ್ಜಾ, ನೋಡಲ್ಲಿ! ಎಷ್ಟ ಹಕ್ಕಿ!"

ಅಜ್ಜ ನೇರವಾಗಿ ಅವುಗಳತ್ತಲೇ ಮುಖ ಮಾಡಿ ಕುಳಿತಿದ್ದ. "ಎಲ್ಲಿ?" ಅಂದ.

ಕಿವಿಯನ್ನು ಕಿಟಕಿಯತ್ತ ತಿರುಗಿಸಿ, "ರೆಕ್ಕಿ ಸಪ್ಪಳ ಕೇಳಸ್ತೈತಿ," ಅಂದ.

ನಾನು ಮೊಬೈಲ್ ಬಂದ್ ಮಾಡಿದೆ. "ಯಾವಾಗಿಂದ ಅಜ್ಜಾ?"

"ಎರಡ ವರ್ಷ ಆತು. ಮೊದಲ ಅಂಚಿಂದು ಹೋತು, ಆಮ್ಯಾಲೆ ನಡುವಿಂದೂ ಮಂಜಾತು. ಕೈಗೆ ಕಾಣಸ್ತಿತ್ತು, ನಿನ್ನ ಬಾಯಿ ಇತ್ತು, ನಡೀತಿತ್ತು. ಈಗ ಇದನ್ನ ಹಿಡದ್ರ ಹತ್ತಿ ಹಿಡದಂಗ ಆಗತೈತಿ. ಗಾಲಿ ಒಂದೂ ಮಾತಾಡವಲ್ಲವು." ನನ್ನ ಮೊಣಕಾಲು ತಡಕಿ ಹಿಡಿದ. "ಹಳೇ ಡಬ್ಬಿನ ತಿರುಗಿ ಕೂಡಸೂಣು. ಭುಜದ ನೋವು ತಡಕೋತೀನಿ. ನಿಮ್ಮಪ್ಪಗ ಹೇಳಬ್ಯಾಡ."

"ಅದನ್ನ ಗುಜರಿಗೆ ಹಾಕೇನಿ ಅಜ್ಜಾ. ಮೊನ್ನೆ ಗಿರಮಿಟ್ ತಿಂದಿವಲ್ಲ, ಅದ ಅದು."

ಅಜ್ಜ ನನ್ನ ಮೊಣಕಾಲಿನಿಂದ ಕೈ ತೆಗೆದ. "ಗಿರಮಿಟ್ ಚಲೋ ಇತ್ತು ಬಿಡು," ಅಂದ.

ಹೊಲದವನು ಟ್ರ್ಯಾಕ್ಟರ್ ತಂದು ಗಾಡಿಯನ್ನು ಎಳೆಯುತ್ತ ಕೇಳಿದ, "ಏನ್ರಿ ಹಿರಿಯಾರ, ರಸ್ತೆ ಸಾಲಲಿಲ್ಲೇನ್ರಿ?" ನನ್ನ ಬಳಿ ಇದಕ್ಕೆ ಹತ್ತು ಉತ್ತರಗಳಿದ್ದವು. ನಾನು ಕೆಳಗೆ ಕೂತು, ಮಲಗಿದ ಕಡಲೆ ಗಿಡಗಳನ್ನು ಎತ್ತಿ ನಿಲ್ಲಿಸತೊಡಗಿದೆ.

ಹೊಲದವನೇ ಗಾಡಿ ಓಡಿಸಿ ನಮ್ಮನ್ನು ಓಣಿಯ ತನಕ ತಂದು ಬಿಟ್ಟ. ಮನೆಯಲ್ಲಿ ಅಪ್ಪ ಬಾಗಿಲಲ್ಲೇ ನಿಂತಿದ್ದ. "ಹೆಂಗ್ ಓಡ್ತು?"

ಅಜ್ಜ ನನ್ನತ್ತ ನೋಡಿದ. ಅಂದರೆ, ನನ್ನ ಪಕ್ಕದ ಕಂಬದತ್ತ. ಮುಂಡರಗಿ ದಾರಿಯ ಶಾಲೆ ಬಿಡುವ ಹೊತ್ತು ನನ್ನ ನೆನಪಿಗೆ ಬಂತು. ರಸ್ತೆ ತುಂಬ ಮಕ್ಕಳು. ಎರಡು ವರ್ಷ ನಾವು ಅವರ ನಡುವೆ ಕಾಗೆ, ಚುರಮರಿ ಎಂದು ನಗುತ್ತ ಹೋಗಿದ್ದೆವು.

"ಅಪ್ಪಾ, ಅಜ್ಜಗ ಕಾಣಂಗಿಲ್ಲ," ಅಂದೆ.

ಗದಗಿನ ಕಣ್ಣಿನ ಡಾಕ್ಟರು ನರವೇ ಸತ್ತಿದೆ, ಆಪರೇಷನ್ನಿಗೆ ಬರುವುದಿಲ್ಲ ಅಂದರು. ಅಜ್ಜ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅದನ್ನೇ ನಾಲ್ಕು ಪಟ್ಟು ಹಿಗ್ಗಿಸಿ ಯಾರಿಗಾದರೂ ಹೇಳಿ ಹಗುರಾಗುತ್ತಿದ್ದೆ.

ಗುಜರಿಯವರು ಬರುವತನಕ ಗಾಡಿ ಹಿತ್ತಲಲ್ಲಿ ಗೋಡೆಗೆ ಮುಖಮಾಡಿ ನಿಂತಿದೆ. ಅಜ್ಜ ದಿನಾ ಸಂಜೆ ಅದರೊಳಗೆ ಹೋಗಿ ಕೂರುತ್ತಾನೆ. ಇಂಜಿನ್ ಬಂದ್ ಆಗಿದ್ದರೆ ಪವರ್ ಸ್ಟೇರಿಂಗ್ ಹಳೆಯದಕ್ಕಿಂತಲೂ ಬಿಗಿ. ವಿಡಿಯೋಗಳಲ್ಲಿ ಯಾರೂ ಅದನ್ನು ಹೇಳಿರಲಿಲ್ಲ. ಅಜ್ಜ ಎಡಗೈಯಿಂದ ಜಗ್ಗುತ್ತಾನೆ, ಅದು ಎರಡು ಬೆರಳಷ್ಟೂ ಕದಲುವುದಿಲ್ಲ.

"ಈಗ ಹದಕ್ಕ ಬಂತು ನೋಡು," ಅಂದ ನಿನ್ನೆ. "ಮುಂದ ಏನೈತಿ ಹೇಳಲೇ."

ಮಾಗಡಿ ಕೆರೆ ಅನ್ನಬಹುದಿತ್ತು, ಹಕ್ಕಿ ಅನ್ನಬಹುದಿತ್ತು. ಅಜ್ಜ ಕಾಯುತ್ತಿದ್ದ.

"ಗ್ವಾಡಿ, ಅಜ್ಜಾ."

"ಎಡಕ್ಕೈತೋ, ಬಲಕ್ಕೈತೋ?"

"ಎಲ್ಲಾ ಕಡೆ ಐತಿ."